ಹಿರೇಮನೆ ಸೊರೆನಪ್ಪನ ಸೊನ್ನೆ

ಸೊರೆನ್ಸನ್‌ನ ಆ ಶನಿವಾರವನ್ನು ಹಾಳು ಮಾಡಿದ್ದು ಒಂದು ಫಾರಂ. ಮಡಿಚಿದರೆ ಜೇಬಿಗೆ ಹೋಗುತ್ತಿತ್ತು, ಬಿಚ್ಚಿದರೆ ಊಟದ ಎಲೆಯಷ್ಟಾಗುತ್ತಿತ್ತು. ಅದರ ತುಂಬ ಚೌಕಗಳು. ಕೆಳಗಿನ ಚೌಕದಲ್ಲಿ ಒಬ್ಬ ಮನುಷ್ಯನ ಹೆಸರು, ಅದರ ಮೇಲೆ ಅಪ್ಪ ಅಮ್ಮ, ಅದಕ್ಕೂ ಮೇಲೆ ಅಜ್ಜ ಅಜ್ಜಿ, ಹೀಗೆ ಕಡಿಮೆಯೆಂದರೂ ನಾಲ್ಕು ತಲೆಮಾರು ತುಂಬಬೇಕು. ಮಾರ್ಮನ್ ಎಂಬ ಕ್ರೈಸ್ತ ಪಂಥದವರಿಗೆ ವಂಶವೃಕ್ಷವೆಂದರೆ ಪ್ರಾಣ. ಅದಕ್ಕೇ ಅವರ ಎಳೆಯ ಪ್ರಚಾರಕರಿಗೆಲ್ಲ ಅಪ್ಪಣೆಯಾಗಿತ್ತು: ಪ್ರತಿಯೊಬ್ಬರೂ ತಾವಿರುವ ಊರಿನ ಒಂದಾದರೂ ಕುಟುಂಬದ ನಾಲ್ಕು ತಲೆಮಾರು ಬರೆದು ಆ ಕುಟುಂಬಕ್ಕೊಂದು, ಆಫೀಸಿಗೊಂದು ಪ್ರತಿ ಕೊಡಬೇಕು. ಗಡುವು ಆ ಶನಿವಾರ ಸಂಜೆ ಐದು ಗಂಟೆ. ಬೆಂಗಳೂರಿನಿಂದ ಪಂಥದ ಅಧ್ಯಕ್ಷರೇ ಹಿರಿಯೂರಿಗೆ ಬರುವವರಿದ್ದರು. ಸೊರೆನ್ಸನ್‌ನ ಫಾರಂ ಮಾತ್ರ ಬೆಳಿಗ್ಗೆ ಏಳಕ್ಕೂ ಒಗೆದ ಪಂಚೆಯ ಹಾಗೆ ಬೆಳ್ಳಗಿತ್ತು.

ಅವನ ವಿಷಯ ಸ್ವಲ್ಪ ಹೇಳಬೇಕು. ಅಮೆರಿಕದ ಐಡಹೊ ಎಂಬ ಆಲೂಗಡ್ಡೆ ಸೀಮೆಯವನು, ವಯಸ್ಸು ಇಪ್ಪತ್ತು. ಎರಡು ವರ್ಷ ಪರದೇಶದಲ್ಲಿ ಸೇವೆ ಮಾಡಿ ಬಾ ಎಂದು ಕಳಿಸಿದ್ದರು. ಬಂದು ಹದಿನಾಲ್ಕು ತಿಂಗಳಾಗಿತ್ತು. ಬಿಳಿ ಅಂಗಿ, ನೀಲಿ ಟೈ, ಎದೆಯ ಮೇಲೆ ಕರಿ ಬಿಲ್ಲೆ. ಮೀಸೆ ಸರಿಯಾಗಿ ಬಾರದಿದ್ದರೂ ಬಿಲ್ಲೆಯ ಮೇಲೆ ‘ಎಲ್ಡರ್’, ಅಂದರೆ ಹಿರಿಯ, ಎಂದಿತ್ತು. ಹಿರಿಯೂರಿನವರು ನಾಲಿಗೆಗೆ ಅನುಕೂಲವಾಗುವಂತೆ ಸೊರೆನಪ್ಪ ಎಂದು ಕರೆದರು. ನಾವೂ ಹಾಗೇ ಕರೆಯೋಣ, ಅವನಿಗೇನೂ ಬೇಜಾರಿಲ್ಲ.

ಬೇಜಾರಿದ್ದದ್ದು ವಾರದ ವರದಿಯ ಬಗ್ಗೆ. ಎಷ್ಟು ಮಂದಿ ಮನೆಗೆ ಕರೆದರು, ಎಷ್ಟು ಮಂದಿ ಮಾತು ಕೇಳಿದರು, ಎಷ್ಟು ಮಂದಿ ಪಂಥಕ್ಕೆ ಸೇರಿದರು ಎಂದು ಬರೆಯಬೇಕು. ಕರೆದವರಿಗೆ ಕೊರತೆಯಿರಲಿಲ್ಲ. ಕರೆದು, ಕೂರಿಸಿ, ಮುದ್ದೆ ಹಾಕಿ, ನಿಮ್ಮೂರಲ್ಲಿ ಆಲೂಗಡ್ಡೆಗೆ ಏನು ಗೊಬ್ಬರ ಹಾಕ್ತಾರೆ ಎಂದು ವಿಚಾರಿಸಿ ಕಳಿಸುತ್ತಿದ್ದರು. ಕೊನೆಯ ಅಂಕಣದಲ್ಲಿ ಹದಿನಾಲ್ಕು ತಿಂಗಳಿಂದ ಸೊನ್ನೆ. ಮೊದಮೊದಲು ಸೊಟ್ಟಗೆ ಬರುತ್ತಿದ್ದ ಆ ಸೊನ್ನೆ ಈಗ ಬಳೆಯಷ್ಟು ದುಂಡಗೆ ಬರುತ್ತಿತ್ತು. ಸೇವೆಯಲ್ಲಿ ತಾನು ಸಾಧಿಸಿದ ಪ್ರಗತಿ ಇದೊಂದೇ ಎಂದು ಅವನಿಗೆ ಗೊತ್ತಿತ್ತು.

“ಈ ಫಾರಂನಲ್ಲೂ ಸೊನ್ನೆ ಆದರೆ ಬೆಂಗಳೂರಿಗೆ ಬಂದುಬಿಡು, ಆಫೀಸಿನ ಪ್ರಿಂಟರ್ ನೋಡಿಕೊಂಡಿರು” ಎಂದು ಅಧ್ಯಕ್ಷರು ಮೆತ್ತಗೇ ಹೇಳಿದ್ದರು. ಉಳಿದ ಹತ್ತು ತಿಂಗಳು ಪ್ರಿಂಟರ್ ಮುಂದೆ. ಮನೆಗೆ ಹೋದ ಮೇಲೆ ‘ಇಂಡಿಯಾದಲ್ಲಿ ಏನು ಮಾಡಿದೆ’ ಎಂದು ಊರೆಲ್ಲ ಕೇಳುತ್ತದೆ. ಕಾಗದ ತುಂಬಿಸಿದೆ ಎನ್ನಬೇಕು. ಅದನ್ನು ನೆನೆದರೇ ಸೊರೆನಪ್ಪ ಎರಡನೇ ಮುದ್ದೆ ಬೇಡ ಎನ್ನುತ್ತಿದ್ದ.

ಇನ್ನೊಂದು ಸಂಗತಿಯಿದೆ. ಫಾರಂನ ಅಡಿಯಲ್ಲಿ ಸಣ್ಣಕ್ಷರದ ಒಂದು ಸಾಲಿತ್ತು: ‘ಬರೆಯುವವರ ಸ್ವಂತ ಕುಟುಂಬವನ್ನು ಪರಿಗಣಿಸುವುದಿಲ್ಲ.’ ಹಿಂದಿನ ಸಲ ಆ ಸಾಲು ಇರಲಿಲ್ಲ. ಹಿಂದಿನ ಸಲ ಒಬ್ಬ ಮಹಾನುಭಾವ ಯಾವ ಕುಟುಂಬವೂ ಸಿಗದೆ ತನ್ನದೇ ವಂಶವನ್ನು ಬರೆದು ಕಳಿಸಿದ್ದ. ಆ ಮಹಾನುಭಾವ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಆ ಹಳೆಯ ಫಾರಂನ ಕುಟುಂಬದ ಪ್ರತಿ ಇನ್ನೂ ಅವನ ಚೀಲದಲ್ಲೇ ಇತ್ತು.

ಬೆಳಿಗ್ಗೆ ಅವನ ಮುಖ ನೋಡಿ ಮರುಗಿದವಳು ಮನೆಯೊಡತಿ ನೇತ್ರಾವತಿ. ಕೆಳಗೆ ಹೊಲಿಗೆ ಅಂಗಡಿ ಅವಳದು, ಮೇಲಿನ ಕೋಣೆ ಇವರದು.

“ಅದಕ್ಯಾಕ್ರಿ ಇಷ್ಟು ಯೋಚ್ನೆ? ಯಲ್ಲದಕೆರೆ ತಾವ ನಮ್ ಹಟ್ಟಿ ಐತೆ. ನಮ್ ದೊಡ್ಡಪ್ಪ ಯತ್ತಪ್ಪ ಅಂತ. ಗುರುವಾರ ಅವರ ಮಗಳು ಲತಾಂದು ಮದುವೆ, ಎಲ್ಲಾರೂ ಮನೇಲೇ ಅವರೆ. ಹೋಗ್ರಿ, ತಾತ ಮುತ್ತಾತ ಎಲ್ಲಾ ಹೇಳ್ತಾರೆ” ಎಂದಳು.

ಹೊರಟರು. ಹೊರಟರು ಎಂದೆ, ಏಕೆಂದರೆ ಸೊರೆನಪ್ಪ ಎಲ್ಲಿಗೂ ಒಬ್ಬನೇ ಹೋಗುವಂತಿರಲಿಲ್ಲ. ಪ್ರಚಾರಕರು ಇಬ್ಬಿಬ್ಬರಾಗಿಯೇ ಇರಬೇಕು, ಒಬ್ಬರ ಕಣ್ಣಿಂದ ಒಬ್ಬರು ಮರೆಯಾಗಬಾರದು ಎಂಬುದು ಕಟ್ಟಳೆ. ಅವನ ಜೊತೆಗಾರ ರಾಜಮಂಡ್ರಿಯ ಪ್ರಸನ್ನ. ಆಕಾಶ ಕಳಚಿ ಬಿದ್ದರೂ ಮೊದಲು ತಿಂಡಿ ಮುಗಿಸೋಣ ಎನ್ನುವ ಜೀವ.

ಮಧ್ಯಾಹ್ನ ತಲುಪುವಾಗ ಹಟ್ಟಿಯಲ್ಲಿ ಯತ್ತಪ್ಪನ ಮನೆ ಮುಂದೆ ಚಪ್ಪರಕ್ಕೆ ಬಿದಿರಿನ ಗಳ ನೆಡುತ್ತಿದ್ದರು. ಯತ್ತಪ್ಪ ಕುರಿ ದೊಡ್ಡಿಯ ಹತ್ತಿರ ಹೋಗಿದ್ದ. ಅವನ ಹೆಂಡತಿ ಗಂಗಕ್ಕ ಕಂಬಳಿ ಹಾಸಿದಳು.

“ಬರ್ರಿ ಸಾರ್, ಕುಂತ್ಕಳ್ರಿ. ಮಜ್ಜಿಗೆ ಕುಡೀರಿ.”

ಕಾಫಿ ಟೀ ಮುಟ್ಟದ ಪಂಥದವರಿಗೆ ಮಜ್ಜಿಗೆಯೆಂದರೆ ಅಮೃತ. ಸೊರೆನಪ್ಪ ಒಂದು ಲೋಟ ಇಳಿಸಿ, ಫಾರಂ ಬಿಚ್ಚಿ, ತರಬೇತಿಯಲ್ಲಿ ಕಲಿತ ಕನ್ನಡ ತೆಗೆದ. “ತಾಯಿ, ತಮ್ಮ ಪತಿಯವರ ನಾಮಧೇಯವೇನು?”

ಗಂಗಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಗಂಡನ ಹೆಸರು ಹೇಳುವ ಪೈಕಿ ಅಲ್ಲ ಅವಳು. ಕೊಟ್ಟಿಗೆಯ ಕಡೆ ಕೈ ತೋರಿಸಿದಳು. ಅಲ್ಲಿ ಒಂದು ಎತ್ತು ಮೆಲುಕು ಹಾಕುತ್ತಿತ್ತು.

“ಅಲ್ಲ ತಾಯಿ, ಪತಿ.”

“ಅದೇ ಕಣಪ್ಪ, ಅದೇ” ಎಂದು ಮತ್ತೆ ಎತ್ತನ್ನೇ ತೋರಿಸಿದಳು.

ಸೊರೆನಪ್ಪನಿಗೆ ಒಂದು ಅಭ್ಯಾಸ. ಅರ್ಥವಾಗದಿದ್ದಾಗ ‘ಹೌದು ಹೌದು’ ಎನ್ನುವುದು. ಹದಿನಾಲ್ಕು ತಿಂಗಳು ಅವನನ್ನು ಈ ಸೀಮೆಯಲ್ಲಿ ಬದುಕಿಸಿದ್ದೇ ಆ ಎರಡು ಪದ. ಹೌದು ಹೌದು ಎಂದು ಹೇಳಿ, ಗಂಡನ ಚೌಕದಲ್ಲಿ ‘ಎತ್ತು’ ಎಂದು ಬರೆದುಕೊಂಡ. ಪ್ರಸನ್ನ ನೋಡಿ, ನೇತ್ರಾವತಿ ಹೇಳಿದ ಹೆಸರು ನೆನಪಿಸಿ ತಿದ್ದಿಸಿದ. ಆಮೇಲೆ ಪ್ರಸನ್ನನಿಗೆ ಜಾಲಿ ಗಿಡಗಳ ಮರೆಗೆ ಹೋಗಬೇಕಾಯಿತು. ಕಟ್ಟಳೆ ಕಟ್ಟಳೆಯೇ. ಸೊರೆನಪ್ಪನೂ ಹಿಂದೆಯೇ ಹೋಗಿ ಬೆನ್ನು ತಿರುಗಿಸಿ ಕಾವಲು ನಿಂತ.

“ಅಷ್ಟು ದೊಡ್ಡ ಹುಡುಗನ್ನ ಯಾರು ಎತ್ಕಂಡು ಹೋಗ್ತಾರಪ್ಪ?” ಎಂದು ಗಂಗಕ್ಕ ಕೇಳಿದಳು. ಸೊರೆನಪ್ಪ ಹೌದು ಹೌದು ಎಂದ.

ಅಷ್ಟರಲ್ಲಿ ಯತ್ತಪ್ಪ ಬಂದ. ಬಿಳಿ ಅಂಗಿ, ದೊಡ್ಡ ಕಾಗದ, ತಾತನ ಹೆಸರು ಕೇಳುವ ಹುಡುಗ. ನೋಡಿದ್ದೇ ತಡ ಅವನ ಮುಖ ಅರಳಿತು. ಆ ಸೀಮೆಯಲ್ಲಿ ಮನೆತನಗಳ ವಂಶಾವಳಿ ಬರೆದಿಟ್ಟು ಓದಿ ಹೇಳುವವರು ಹೆಳವರು. ನಾಲ್ಕಾರು ವರ್ಷಕ್ಕೊಮ್ಮೆ ಬರುತ್ತಾರೆ, ಏಳು ತಲೆ ಒಂದೇ ಉಸಿರಿಗೆ ಹೇಳುತ್ತಾರೆ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಳ್ಳುತ್ತಾರೆ, ಕಾಳು ಕುರಿ ಪಡೆದು ಹೋಗುತ್ತಾರೆ. ಅವರ ಪುಸ್ತಕದಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಈ ಮನೆಯ ಹೆಳವ ಮುರುಗಪ್ಪ ಆರು ವರ್ಷದಿಂದ ಬಂದಿರಲಿಲ್ಲ.

“ಮುರುಗಪ್ಪ ಕಳಿಸಿದ್ನಾ ಸಾರ್?” ಎಂದ ಯತ್ತಪ್ಪ.

“ಹೌದು ಹೌದು” ಎಂದ ಸೊರೆನಪ್ಪ.

ಯತ್ತಪ್ಪನಿಗೆ ಹೆಳವ ಬೇಕಾಗಿದ್ದಕ್ಕೆ ಕಾರಣವಿತ್ತು. ಮದುವೆಯಲ್ಲಿ ಮೊದಲ ವೀಳ್ಯ ಹಿರೇಮನೆಗೆ ಸಲ್ಲಬೇಕು, ಅಂದರೆ ವಂಶದ ಹಿರಿಮಗನ ಕವಲಿಗೆ. ತಾನೇ ಹಿರೇಮನೆ ಎಂದು ಯತ್ತಪ್ಪ, ತಾನೇ ಎಂದು ಪಕ್ಕದ ಮನೆಯ ದಾಯಾದಿ ನಾಗರಾಜ್. ಮೂರು ತಿಂಗಳಿಂದ ಇಬ್ಬರಿಗೂ ಮಾತಿರಲಿಲ್ಲ. ಗುರುವಾರ ಚಪ್ಪರದಲ್ಲಿ ಏನಾಗುತ್ತದೋ ಎಂದು ಹಟ್ಟಿಗೆ ಹಟ್ಟಿಯೇ ಹೆದರಿತ್ತು.

“ಬರ್ಕಳ್ರಿ. ನಮ್ಮಪ್ಪ ಮುದ್ದಪ್ಪ. ನಮ್ ತಾತ ಚಿತ್ತಯ್ಯ. ಮುತ್ತಾತ ಕ್ಯಾತಪ್ಪ.”

ಪೆನ್ನು ಓಡತೊಡಗಿತು. ತಾತನ ಸಾಲಿನಲ್ಲಿ ಒಡಹುಟ್ಟಿದವರಿಗೆ ಒಂದು, ಎರಡು, ಮೂರು ಎಂದು ಚೌಕಗಳಿದ್ದವು. ಒಂದನೆಯದರ ಮೇಲೆ ಮಜ್ಜಿಗೆ ತೊಟ್ಟಿಕ್ಕಿ ಒದ್ದೆಯಾಗಿತ್ತು. ಸೊರೆನಪ್ಪ ಚಿತ್ತಯ್ಯನನ್ನು ಎರಡನೆಯದರಲ್ಲಿ ಕೂರಿಸಿದ. ಸುದ್ದಿ ತಿಳಿದು ನಾಗರಾಜ್ ಬರುವ ಹೊತ್ತಿಗೆ ಒಂದನೆಯದು ಒಣಗಿತ್ತು.

“ನಮ್ ತಾತ ಈರಣ್ಣ. ಬರ್ಕಳ್ರಿ” ಎಂದ ನಾಗರಾಜ್. ಸೊರೆನಪ್ಪ ಖಾಲಿಯಿದ್ದ ಕಡೆ ಬರೆದ.

ನಾಗರಾಜ್ ಬಗ್ಗಿ ನೋಡಿದ. ಕತ್ತೆತ್ತಿ ಹಟ್ಟಿಗೆಲ್ಲ ಕೇಳುವಂತೆ ಹೇಳಿದ. “ನೋಡ್ಕಳ್ರಪ್ಪ. ಒಂದನೇ ನಂಬರ್ ನಮ್ದು. ಬರವಣಿಗೇಲಿ ಬಂತು.”

“ಏನ್ ಬರ್ದ್ರಿ ಸಾರ್ ನೀವು? ಹೊಡೆದಾಕ್ರಿ ಅದನ್ನ” ಎಂದ ಯತ್ತಪ್ಪ.

“ಹೊಡೆದಾಕಿದ್ರೆ ನೋಡು ಮತ್ತೆ. ಕಾಗದ ಮುಟ್ಟಂಗಿಲ್ಲ ಯಾರೂ.”

ಸೊರೆನಪ್ಪ ಯತ್ತಪ್ಪನಿಗೂ ಹೌದು ಹೌದು ಎಂದ, ನಾಗರಾಜನಿಗೂ ಹೌದು ಹೌದು ಎಂದ. ಹದಿನಾಲ್ಕು ತಿಂಗಳು ಕಾಪಾಡಿದ ಆ ಮಾತು ಅಂದು ಕೈ ಕೊಟ್ಟಿತು. ಎರಡೂ ಕಡೆಯವರು ಬಂದು ನಿಂತರು. ಫಾರಂನ ಒಂದು ತುದಿ ಯತ್ತಪ್ಪನ ಕೈಯಲ್ಲಿ, ಇನ್ನೊಂದು ತುದಿ ನಾಗರಾಜನ ಕೈಯಲ್ಲಿ. ಇದು ತೀರ್ಮಾನ ಆಗೋ ತನಕ ಬರೆದವನು ಹೋಗುವಂತಿಲ್ಲ ಎಂಬ ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು. ಮೂರೂವರೆಯ ಬಸ್ಸು ಹಾರ್ನ್ ಹೊಡೆದು ಹೋಯಿತು. ಸೊರೆನಪ್ಪನಿಗೆ ಪ್ರಿಂಟರ್ ಕಣ್ಣ ಮುಂದೆ ಬಂತು.

ಮೂರು ತಿಂಗಳಿಂದ ಯಾರಿಗೂ ಹೊಳೆಯದ ಬುದ್ಧಿ ಓಡಿಸಿದವಳು ಗಂಗಕ್ಕ. ಫೋನ್ ತೆಗೆದು ಮುರುಗಪ್ಪನಿಗೇ ಹಚ್ಚಿದಳು. “ಏನಪ್ಪ, ಯಾವನೋ ಬಿಳೀ ಹುಡುಗನ್ನ ಕಳಿಸಿದೀಯಾ, ಬಂದು ಮನೆಗೆ ಬೆಂಕಿ ಇಟ್ಟವ್ನೆ” ಎಂದಳು. ಆ ಕಡೆಯಿಂದ “ಯಾವ ಹುಡುಗ?” ಎಂದದ್ದು ಹಟ್ಟಿಗೆಲ್ಲ ಕೇಳಿಸಿತು.

ಮುರುಗಪ್ಪ ಜವನಗೊಂಡನಹಳ್ಳಿಯಲ್ಲೇ ಇದ್ದ. ಅರ್ಧ ಗಂಟೆಯಲ್ಲಿ ಟಿವಿಎಸ್ ಮೇಲೆ ಬಂದಿಳಿದ. ಅವನ ಅಪ್ಪ ಎತ್ತಿನ ಮೇಲೆ ಬರುತ್ತಿದ್ದನಂತೆ. ಎತ್ತು ಹೋಗಿತ್ತು, ಅದರ ಕೊರಳ ಗಂಟೆ ಹ್ಯಾಂಡಲ್ಲಿನಲ್ಲಿ ನೇತಾಡುತ್ತಿತ್ತು. ಅವನು ಸೊರೆನಪ್ಪನನ್ನು ಮೇಲಿಂದ ಕೆಳಗೆ ನೋಡಿದ.

“ಹೆಸ್ರು ಕೇಳಿ ಬರ್ಕಣೋನು ಹೆಳವ ಹೆಂಗಾಯ್ತಾನ್ರಿ? ಅದು ಜನಗಣತಿ” ಎಂದ. ಕಂಬಳಿಯ ಮೇಲೆ ಕೂತು, ಕೆಂಪು ಬಟ್ಟೆ ಬಿಚ್ಚಿ, ಪುಸ್ತಕ ತೆಗೆದು ಓದಿದ. ಇಡೀ ಹಟ್ಟಿ ಸುತ್ತ ಬಂದು ಕೂತಿತು.

ಕ್ಯಾತಪ್ಪನಿಗೆ ಇಬ್ಬರಲ್ಲ, ಮೂವರು ಗಂಡುಮಕ್ಕಳು. ಈರಣ್ಣನೂ ಹಿರಿಯನಲ್ಲ, ಚಿತ್ತಯ್ಯನೂ ಅಲ್ಲ. ಹಿರಿಯವನು ಜುಂಜಣ್ಣ. ಒಂದು ಬೇಸಗೆ ಕುರಿ ಹೊಡೆದುಕೊಂಡು ಧರ್ಮಪುರ ದಾಟಿ ಮೂಡಲಿಗೆ ಹೋದವನು ತಿರುಗಿ ಬರಲಿಲ್ಲ.

“ಹಿರೇಮನೆ ನಿಮ್ದೂ ಅಲ್ಲ, ಅವ್ರದೂ ಅಲ್ಲ. ಜುಂಜಣ್ಣಂದು” ಎಂದ ಮುರುಗಪ್ಪ.

“ಹಂಗಾದ್ರೆ ವೀಳ್ಯ ಯಾರಿಗೆ ಕೊಡಾಣ? ಗಾಳಿಗಾ?” ಎಂದ ಯತ್ತಪ್ಪ.

ಸೊರೆನಪ್ಪನಿಗೆ ಆ ಪುಸ್ತಕ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಸಾಲುಸಾಲು ಹೆಸರು, ಏಳು ತಲೆಮಾರು. ಗಂಟೆ ನಾಲ್ಕು ದಾಟಿತ್ತು. “ಸ್ವಾಮಿ, ಇದನ್ನು ನಕಲು ಮಾಡಿಕೊಳ್ಳಲು ಅಪ್ಪಣೆಯಾಗಬೇಕು” ಎಂದು ಕೈ ಮುಗಿದ.

“ಹೊರಗಿನೋರಿಗೆ ತೋರ್ಸಂಗಿಲ್ಲ. ಮನೆಯೋರು ಕೇಳಿದ್ರೆ ಇಲ್ಲ ಅನ್ನಂಗಿಲ್ಲ. ನೀನು ಹೊರಗಿನೋನು” ಎಂದು ಮುರುಗಪ್ಪ ಪುಸ್ತಕ ಮುಚ್ಚಿದ.

ಮುಚ್ಚಿದವನು ಹುಡುಗನ ಚೀಲದಿಂದ ಇಣುಕುತ್ತಿದ್ದ ಹಳೆಯ ಫಾರಂ ನೋಡಿ “ಅದೇನು?” ಎಂದ. ಸೊರೆನಪ್ಪ ತನ್ನ ವಂಶವನ್ನು ಬಿಚ್ಚಿ ತೋರಿಸಿದ. ಅಪ್ಪ ಮಾರ್ಕ್, ತಾತ ಲಾರ್ಸ್, ಮುತ್ತಾತ ನೀಲ್ಸ್. ನೀಲ್ಸ್‌ನ ಮೇಲಿನ ಚೌಕ ಖಾಲಿ. ಸೊರೆನಪ್ಪನ ಅಮ್ಮ ಹನ್ನೊಂದು ವರ್ಷದಿಂದ ಹುಡುಕುತ್ತಿದ್ದಳು, ಸಿಕ್ಕಿರಲಿಲ್ಲ.

“ಈ ನೀಲಪ್ಪ ಎಲ್ಲಿಂದ ಬಂದ?”

“ಡೆನ್ಮಾರ್ಕ್ ದೇಶದಿಂದ. ಹಡಗಿನಲ್ಲಿ.”

“ಹಡಗಿಗೆ ಮುಂಚೆ?”

“ಗೊತ್ತಿಲ್ಲ.”

“ಅವ್ನ ಅಪ್ಪ ಯಾರು?”

“ಗೊತ್ತಿಲ್ಲ.”

“ಏನ್ ಕೆಲ್ಸ ಮಾಡ್ತಿದ್ದ?”

ಇದೊಂದು ಸೊರೆನಪ್ಪನಿಗೆ ಗೊತ್ತಿತ್ತು. ಹೆಮ್ಮೆಯಿಂದ ಹೇಳಿದ. “ಕುರಿ. ಎಂಟು ನೂರು ಕುರಿ ಇತ್ತು.”

ಹಟ್ಟಿಯಲ್ಲಿ ಗುಜುಗುಜು ಎದ್ದಿತು. ಮುರುಗಪ್ಪ ಯತ್ತಪ್ಪನ ಮುಖ ನೋಡಿದ, ನಾಗರಾಜನ ಮುಖ ನೋಡಿದ. ಇಬ್ಬರ ತಲೆಯಲ್ಲೂ ಒಂದೇ ಯೋಚನೆ ಓಡುತ್ತಿತ್ತು: ಆ ದಾಯಾದಿಗೆ ವೀಳ್ಯ ಹೋಗುವುದಕ್ಕಿಂತ ಈ ಹುಡುಗನಿಗೆ ಹೋದರೆ ವಾಸಿ.

“ಕುರಿ ಹೊಡ್ಕಂಡು ಮೂಡ್ಲಿಗೆ ಹೋದೋನು ಒಬ್ಬ. ಎಲ್ಲಿಂದ್ಲೋ ಬಂದು ಎಂಟ್ನೂರು ಕುರಿ ಕಟ್ದೋನು ಒಬ್ಬ” ಎಂದ ಮುರುಗಪ್ಪ. “ಇದ್ರಲ್ಲಿ ಕೇಳಾದೇನೈತೆ? ಹುಡುಗ, ಹಿರೇಮನೆ ಒಪ್ಕಂತೀಯಾ? ಒಪ್ಪಿದ್ರೆ ನೀನು ಮನೆಯೋನು. ಪುಸ್ತಕ ನಿಂದೇ, ಬರ್ಕ.”

ಸೊರೆನಪ್ಪ ಪ್ರಸನ್ನನ ಕಡೆ ನೋಡಿದ. ಪ್ರಸನ್ನ ಗಂಗಕ್ಕ ಕೊಟ್ಟ ನಿಪ್ಪಟ್ಟು ಅಗಿಯುತ್ತಿದ್ದ. “ಹೌದು ಅಂದುಬಿಡಿ ಎಲ್ಡರ್, ಐದು ಗಂಟೆ ಆಗುತ್ತೆ” ಎಂದ.

“ಹೌದು ಹೌದು” ಎಂದ ಸೊರೆನಪ್ಪ.

ಮುರುಗಪ್ಪ ಪುಸ್ತಕದಲ್ಲಿ ಬರೆದ: ಜುಂಜಣ್ಣನ ಮಗ ನೀಲಪ್ಪ, ಅವನ ಮಗ ಲಾರಸಪ್ಪ, ಅವನ ಮಗ ಮಾರ್ಕಪ್ಪ, ಅವನ ಮಗ ಸೊರೆನಪ್ಪ. ಹನ್ನೊಂದು ವರ್ಷ ಅಮ್ಮನಿಗೆ ದಕ್ಕದ ಚೌಕ ಒಂದು ನಿಮಿಷದಲ್ಲಿ ತುಂಬಿತು. ಯತ್ತಪ್ಪ ಬೆರಳು ಮಡಿಚಿ ತಲೆ ಲೆಕ್ಕ ಹಾಕಿದ.

“ಲೇ ಸೊರೆನಪ್ಪ, ನೀನು ನಂಗೆ ಮೊಮ್ಮಗ ಆಗ್ಬೇಕು ಕಣಲೇ. ಮದುವೆ ಹೆಣ್ಣು ನಿಂಗೆ ಅತ್ತೆ” ಎಂದ. ಅಲ್ಲಿಯತನಕ ಸಾರ್ ಆಗಿದ್ದವನು ಅಷ್ಟರಲ್ಲೇ ಲೇ ಆಗಿದ್ದ. ಬಾಗಿಲ ಹಿಂದಿನಿಂದ ಇಪ್ಪತ್ತೆರಡು ವರ್ಷದ ಅತ್ತೆ ಕಿಸಕ್ಕನೆ ನಕ್ಕಳು.

ಏಳು ತಲೆಮಾರು ಬರೆದು ಮುಗಿಸುವಾಗ ನಾಲ್ಕೂವರೆ. ಯತ್ತಪ್ಪನ ಮಗ ಜುಂಜೇಶ್ ತನ್ನ ಗೂಡ್ಸ್ ಆಟೋ ತಂದು ನಿಲ್ಲಿಸಿದ. ಯತ್ತಪ್ಪ, ನಾಗರಾಜ್ ಇಬ್ಬರೂ ಹತ್ತಿದರು. ಮೂರು ತಿಂಗಳಲ್ಲಿ ಮೊದಲ ಸಲ ಪಕ್ಕಪಕ್ಕ ಕೂತಿದ್ದರು. “ನಿಮ್ ದೊಡ್ಡ ಸಾಹೇಬ್ರಿಗೆ ಹೇಳಿ, ಗುರುವಾರಕ್ಕೆ ನಿನ್ನ ಕರ್ಕಂಡ್ ಬರ್ತೀವಿ” ಎಂದರು. ಸೊರೆನಪ್ಪನ ಬಾಯಲ್ಲಿ ಹಾಡು ಬರುತ್ತಿತ್ತು. ನಾಲ್ಕು ಕೇಳಿದರೆ ಏಳು ಕೊಡುತ್ತೇನೆ, ಪ್ರಿಂಟರ್ ಬೇರೆ ಯಾರಾದರೂ ನೋಡಿಕೊಳ್ಳಲಿ.

ಹೆದ್ದಾರಿ ಸೇರುವಾಗ ಪ್ರಸನ್ನ ಫಾರಂನ ಅಡಿಯ ಸಣ್ಣಕ್ಷರವನ್ನು ಮೆಲ್ಲಗೆ ಓದಿದ. “ಬರೆಯುವವರ ಸ್ವಂತ ಕುಟುಂಬವನ್ನು ಪರಿಗಣಿಸುವುದಿಲ್ಲ.”

ಸೊರೆನಪ್ಪನ ಹಾಡು ನಿಂತಿತು. ತನ್ನ ಹೆಸರಿದ್ದ ಕೆಳಗಿನ ಅಂಚನ್ನು ನಿಧಾನವಾಗಿ ಹಿಂದಕ್ಕೆ ಮಡಿಚಿದ. ಇದು ಸುಳ್ಳಲ್ಲ, ಬರೀ ಮಡಿಕೆ ಎಂದು ತನಗೆ ತಾನೇ ಹೇಳಿಕೊಂಡ. ಮೂಲ ಪುರುಷನಿಂದ ಯತ್ತಪ್ಪನವರೆಗೆ ಕಂಡರೆ ಸಾಕಲ್ಲ.

ಅಧ್ಯಕ್ಷರು ನೇತ್ರಾವತಿಯ ಅಂಗಡಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕೊತ್ತನೂರಿನ ಕಡೆಯ ಸಾಧು ಮನುಷ್ಯ. ಫಾರಂ ನೋಡಿ ಕಣ್ಣರಳಿಸಿದರು.

“ನಾಲ್ಕು ಕೇಳಿದ್ರೆ ಏಳು ತಂದಿದೀಯಲ್ಲಪ್ಪ. ಭೇಷ್” ಎಂದು ವರದಿ ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದರು. ಒಂದು ಎಂದು ಬರೆಯಲು ಇನ್ನು ಒಂದು ಗೀಟು ಬಾಕಿ.

“ಸಾಹೇಬ್ರೇ, ತಡೀರಿ” ಎಂದ ಯತ್ತಪ್ಪ. “ಕಾಗದ ಮಡಚಿಕಂಡೈತೆ. ಅಡೀಲಿ ಹಿರೇಮನೆ ಮಗನ ಹೆಸ್ರು ಐತೆ, ಅದನ್ನ ನೋಡದೆ ಇದ್ರೆ ಹೆಂಗೆ?” ಎಂದು ತಾನೇ ಬಿಡಿಸಿ, ಅಂಗೈಯಿಂದ ಉಜ್ಜಿ ಸಾಪು ಮಾಡಿ ಕೊಟ್ಟ.

ಅಧ್ಯಕ್ಷರು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. “ಈ ಹುಡುಗ ನಿಮಗೇನಾಗಬೇಕು?”

“ಮೊಮ್ಮಗ” ಎಂದ ಯತ್ತಪ್ಪ. “ನಂಗೂ ಅಷ್ಟೇ” ಎಂದ ನಾಗರಾಜ್.

“ಎಲ್ಡರ್, ಸುಮ್ನೆ ಬರ್ಕೊಂಡಿದ್ದು, ನಾನು ಇವರ ಮನೆಯವನಲ್ಲ ಅಂತ ಹೇಳಿಬಿಡು. ಒಂದು ಅಂತ ಬರೀತೀನಿ” ಎಂದರು ಅಧ್ಯಕ್ಷರು.

ಹೇಳುವುದು ಸುಲಭವಿತ್ತು. ನೀಲ್ಸ್ ಮುತ್ತಾತ ಯಲ್ಲದಕೆರೆಯನ್ನು ಕನಸಲ್ಲೂ ಕಂಡವನಲ್ಲ ಎಂದು ಸೊರೆನಪ್ಪನಿಗೆ ಗೊತ್ತಿತ್ತು. ಆದರೆ ಯತ್ತಪ್ಪ ಅವನ ಮುಖವನ್ನೇ ನೋಡುತ್ತಿದ್ದ. ನಾಗರಾಜನ ಕೈ ಯತ್ತಪ್ಪನ ಹೆಗಲ ಮೇಲಿತ್ತು. ಇಲ್ಲ ಎಂದರೆ ಆ ಕೈ ಕೆಳಗಿಳಿಯುತ್ತದೆ, ಗುರುವಾರ ಚಪ್ಪರದಲ್ಲಿ ಅದೇ ಕೈ ಬೇರೆ ಕೆಲಸಕ್ಕೆ ಏಳುತ್ತದೆ. ಅದೂ ಅಲ್ಲದೆ, ಹದಿನಾಲ್ಕು ತಿಂಗಳಲ್ಲಿ ಅವನನ್ನು ತಮ್ಮವನು ಎಂದವರು ಇವರೇ ಮೊದಲು.

“ಹೌದು. ಮನೆಯವನು” ಎಂದ. ಪೂರ್ತಿ ಅರ್ಥವಾಗಿ ಅವನು ಹೇಳಿದ ಮೊದಲ ಹೌದು ಅದು.

ಅಧ್ಯಕ್ಷರು ನಿಟ್ಟುಸಿರು ಬಿಟ್ಟು ಸೊನ್ನೆ ಸುತ್ತಿದರು. ಅದು ಸೊಟ್ಟಗೆ ಬಂತು. “ಕೊಡಿ ಸಾರ್, ಅಭ್ಯಾಸವಿದೆ” ಎಂದು ಸೊರೆನಪ್ಪ ಪೆನ್ನು ಇಸಿದುಕೊಂಡು ದುಂಡಗೆ ತಿದ್ದಿಕೊಟ್ಟ.

“ಹಂಗಾದ್ರೆ ಗುರುವಾರ ಮದುವೆಗೆ ಕಳಿಸ್ರಿ” ಎಂದ ಯತ್ತಪ್ಪ.

“ಬೇರೆಯವರ ಮದುವೆ ಆಗಿದ್ರೆ ಊಟಕ್ಕೆ ಕಳಿಸ್ತಿದ್ದೆ” ಎಂದರು ಅಧ್ಯಕ್ಷರು ಬೇಸರದಿಂದ. “ಸೇವೆಯಲ್ಲಿರುವಾಗ ಸ್ವಂತ ಮನೆಯವರ ಮದುವೆಗೆ ಹೋಗೋ ಹಾಗಿಲ್ಲ. ಅದು ಕಟ್ಟಳೆ.”

ದಾಯಾದಿಗಳಿಬ್ಬರೂ ಅಂಗಡಿಯ ಮೂಲೆಗೆ ಹೋಗಿ ಗುಸುಗುಸು ಮಾತಾಡಿದರು. ಬಂದು ಸೊರೆನಪ್ಪನ ಟೈ ಬಿಚ್ಚಿಸಿಕೊಂಡು ಹೋದರು.

ಗುರುವಾರ ಸೊರೆನಪ್ಪ ಬೆಂಗಳೂರಿನ ಆಫೀಸಿನಲ್ಲಿ ಪ್ರಿಂಟರ್ ಮುಂದೆ ನಿಂತಿದ್ದ. ನೇತ್ರಾವತಿ ಕಳಿಸಿದ ಫೋಟೊ ಬಂತು. ಚಪ್ಪರದ ನಡುವೆ ಕುರ್ಚಿ, ಕುರ್ಚಿಯ ಮೇಲೆ ಕರಿ ಕಂಬಳಿ, ಕಂಬಳಿಯ ಮೇಲೆ ಅವನ ನೀಲಿ ಟೈ. ಯತ್ತಪ್ಪ, ನಾಗರಾಜ್ ಇಬ್ಬರೂ ಸೇರಿ ಒಂದೇ ತಟ್ಟೆ ಹಿಡಿದು ಅದಕ್ಕೆ ಮೊದಲ ವೀಳ್ಯ ಕೊಡುತ್ತಿದ್ದಾರೆ. ಹೆಣ್ಣು ಗಂಡು ಬಗ್ಗಿ ಟೈಗೆ ನಮಸ್ಕಾರ ಮಾಡುತ್ತಿದ್ದಾರೆ. ಹದಿನಾಲ್ಕು ತಿಂಗಳು ತನ್ನ ಕೊರಳಲ್ಲಿದ್ದಾಗ ಆ ಟೈಗೆ ಈ ಮರ್ಯಾದೆಯ ಕಾಲುಭಾಗವೂ ಸಿಕ್ಕಿರಲಿಲ್ಲ ಎಂದು ಸೊರೆನಪ್ಪನಿಗೆ ಅನಿಸಿತು.

ಪ್ರಿಂಟರ್ ಗುರುಗುಟ್ಟಿ ಕೆಲಸ ಶುರು ಮಾಡಿತು. ಅಂದಿನ ಮೊದಲ ಕೆಲಸ ಆ ಫಾರಂನ ಹೊಸ ಪ್ರತಿಗಳು, ಇನ್ನೂರು. ಸೊರೆನಪ್ಪ ಒಂದನ್ನು ತೆಗೆದು, ತಪ್ಪಿದೆಯೇ ಎಂದು ಅಡಿಯ ಸಣ್ಣಕ್ಷರ ಓದಿದ. ಹಳೆಯ ಸಾಲಿನ ಕೆಳಗೆ ಈಗ ಇನ್ನೊಂದು ಸಾಲು ಸೇರಿತ್ತು: ‘ಸೇವೆಯ ಊರಿನಲ್ಲಿ ಬರೆಯುವವರನ್ನು ಮೊಮ್ಮಗನೆಂದು ಸೇರಿಸಿಕೊಂಡ ಕುಟುಂಬವನ್ನೂ ಪರಿಗಣಿಸುವುದಿಲ್ಲ.’